ಗುಂಡಿ ಕಂಡವನು ತಿಳಿಸಬೇಕು

ನೀರು ತುಂಬಿದ ಗುಂಡಿ ಅಣ್ಣನ ಕಣ್ಣಿಗೆ ಬಿದ್ದಾಗ ಅವನ ಎರಡೂ ಕೈ ಬ್ರೇಕಿನ ಮೇಲಿದ್ದವು. ಕಡಿದಾದ ಇಳಿಜಾರು, ಧೋ ಎಂದು ಸುರಿಯುವ ಮಳೆ. ಒಂದು ಕೈ ಬಿಟ್ಟರೂ ಸೈಕಲ್ ಜಾರುತ್ತಿತ್ತು. ಸಾಲಾಗಿ ಹೋಗುವವರ ನಿಯಮ ಒಂದೇ: ಗುಂಡಿ ಕಂಡವನು ಹಿಂದಿನವನಿಗೆ ತಿಳಿಸಬೇಕು. ಹಿಂದಿದ್ದವನು ತಮ್ಮ.

ಅಪ್ಪ ತೀರಿಕೊಂಡಾಗಿನಿಂದ ಇಬ್ಬರಿಗೂ ಮಾತಿಲ್ಲ. ಅಪ್ಪನ ಸ್ಥಿತಿ ಬಿಗಡಾಯಿಸಿದ್ದನ್ನು ಅಣ್ಣ ತಿಳಿಸಿರಲಿಲ್ಲ. ತಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಸೈಕಲ್ ಪ್ರವಾಸಕ್ಕೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೆಸರು ಕೊಟ್ಟಿದ್ದರು. ಇಬ್ಬರ ವೇಗವೂ ಒಂದೇ ಎಂದು ತಂಡದ ಮುಖಂಡ ಹಿಂದೆ ಮುಂದೆ ನಿಲ್ಲಿಸಿಬಿಟ್ಟ. "ಬೇಕಾದ್ರೆ ಮುಖ ಊದಿಸ್ಕೊಂಡೇ ಇರಿ, ಗುಂಡಿ ಕಂಡ್ರೆ ಮಾತ್ರ ಕೈ ತೋರ್ಸಿ ಸ್ವಾಮಿ" ಎಂದಿದ್ದ. ಬಿಸಿಲಿದ್ದಷ್ಟು ದಿನ ಕೈಸನ್ನೆಯಲ್ಲೇ ಕೆಲಸ ನಡೆದಿತ್ತು.

"ತಮ್ಮಾ, ಗುಂಡಿ ಕಣೋ! ಬಲಕ್ಕೆ ಬಾ!"

ತಮ್ಮ ಸರಕ್ಕನೆ ಬಲಕ್ಕೆ ಹೊರಳಿದ. "ಗುಂಡಿ! ಬಲಕ್ಕೆ!" ಎಂದು ತನ್ನ ಹಿಂದೆ ಬರುತ್ತಿದ್ದ ತಂಡದ ನರ್ಸಮ್ಮನಿಗೆ ಕೂಗಿದ. "ಅಬ್ಬಾ, ಅಣ್ಣ ತಮ್ಮಂದಿರಿಗೆ ಬಾಯಿ ಬಂತಲ್ಲಪ್ಪ!" ಎಂದು ಆಕೆ ನಕ್ಕಳು. ಅವರಿಬ್ಬರೂ ನಗಲಿಲ್ಲ. ಇಳಿಜಾರು ಮುಗಿದಲ್ಲಿ ತಮ್ಮ ಸಾಲು ಬಿಟ್ಟು ಅಣ್ಣನ ಪಕ್ಕಕ್ಕೆ ಬಂದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತೂ ಹೀಗೇ ಒಂದು ಕೂಗು ಹಾಕಿದ್ರೆ ಆಗ್ತಿರ್ಲಿಲ್ವಾ ಅಣ್ಣಾ?"

ಅಣ್ಣ ಪೆಡಲ್ ತುಳಿಯುವುದನ್ನು ನಿಲ್ಲಿಸಿದ. ಸೈಕಲ್ ತನ್ನ ಪಾಡಿಗೆ ಸ್ವಲ್ಪ ದೂರ ಉರುಳಿತು.

"ನಿನ್ನ ಕರೆದ್ರೆ, ಅಪ್ಪ ಉಳಿಯಲ್ಲ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು ಕಣೋ."

ತಮ್ಮನೂ ವೇಗ ತಗ್ಗಿಸಿದ. ಮತ್ತೆ ಅಣ್ಣನ ಹಿಂದಕ್ಕೆ ಸರಿಯಲಿಲ್ಲ.