ಕಡಲ ಕಡೆಯ ಬಾಗಿಲು

ಊರವರಿಗೆಲ್ಲ ಮನೆಯ ನಕ್ಷೆ ಬಿಡಿಸಿಕೊಟ್ಟ ವಾದಿರಾಜ ಈಗ ಹೆಂಡತಿ ಮಾಲಿನಿಗಾಗಿ ಕಡಲ ದಂಡೆಯಲ್ಲೊಂದು ಮನೆಯ ನಕ್ಷೆ ಬಿಡಿಸುತ್ತಿದ್ದ. ಡಾಕ್ಟರು ಕೈಚೆಲ್ಲಿದ್ದನ್ನು ಅವಳಿಂದ ಮುಚ್ಚಿಟ್ಟು, ಕಡಲಗಾಳಿಗೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಸಿದ್ದ. ಬಿಸಿಲು ತಡೆಯಲು ಮುಂಚಾಚಿದ ಮಾಡು, ಮನೆಯ ಒಳಗೂ ಹೊರಗೂ ಒಂದೇ ಎನಿಸುವಂಥ ಜಗಲಿ. ಎಲ್ಲಕ್ಕೂ ತಲೆಯಾಡಿಸಿದ ಮಾಲಿನಿ ಕಡಲ ಕಡೆಯ ಬಾಗಿಲ ಮೇಲೆ ಬೆರಳಿಟ್ಟಳು.

“ಇದು ಇನ್ನೂ ಅಗಲ ಬೇಕು.”

“ಮಳೆಗಾಲದಲ್ಲಿ ಎರಚಲು ಸೀದಾ ಒಳಗೆ ಬರ್ತದೆ ಮಾರಾಯ್ತಿ. ಗಾಳಿಗೆ ಇಷ್ಟು ಧಾರಾಳ ಸಾಕು.”

“ಗಾಳಿಗಲ್ಲ.”

ಅವಳು ಅವನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಬಾಗಿಲನ್ನು ತಾನೇ ಅಗಲ ಮಾಡಿದಳು.

“ಬಾಗಿಲು ಸಾಲದೆ ಅತ್ತೆಯ ಚಟ್ಟವನ್ನು ಓರೆ ಮಾಡಿ ಹೊರಗೆ ತಂದದ್ದು ನೆನಪುಂಟಲ್ಲ. ನನ್ನನ್ನು ನೆಟ್ಟಗೆ ಕೊಂಡೋಗಿ.”