ಚಿನ್ನದ ಚೌಕಟ್ಟು

ಪಕ್ಕದ ಮನೆಯ ಇಸ್ನಾರ್ ಬಾರಿಸಿದ ಏಟಿಗೆ ನೋಯೆಮಿಯ ತುಟಿ ಒಡೆದು, ಅವನ ಮನೆಯ ಗೋಡೆಯ ಮೇಲಿದ್ದ ಚಿತ್ರಕ್ಕೆ ರಕ್ತ ಸಿಡಿಯಿತು. ಅವನು ಕರವಸ್ತ್ರ ತೆಗೆದು ಚಿತ್ರವನ್ನು ಒರೆಸಿದ, ಅವಳತ್ತ ನೋಡಲಿಲ್ಲ. ಚಿತ್ರದಲ್ಲಿ ಬಿಸಿಲು ತುಂಬಿದ ಕೋಣೆ, ಕಿಟಕಿಯಾಚೆ ಫ್ರಾನ್ಸಿನ ನೀಸ್ ಪಟ್ಟಣದ ಸಮುದ್ರ, ಒಂದು ಖಾಲಿ ಕುರ್ಚಿ. ಯಹೂದಿಗಳೆಂದು ಜರ್ಮನ್ನರು ಮನೆಯವರನ್ನೆಲ್ಲ ಎಳೆದೊಯ್ಯುವವರೆಗೂ ಅವಳ ಅಮ್ಮ ಕೂರುತ್ತಿದ್ದ ಕುರ್ಚಿ ಅದು.

“ನಿಮ್ಮೋರು ಯಾರೂ ವಾಪಸ್ ಬರಲ್ಲ ಅಂತ ಊರೆಲ್ಲ ಹೇಳ್ತಿತ್ತು ಕಣಮ್ಮ. ಎರಡು ವರ್ಷ ಇದರ ಧೂಳು ಒರ್ಸಿದೀನಿ, ಚಿನ್ನದ ಚೌಕಟ್ಟು ಹಾಕ್ಸಿದೀನಿ. ಈಗ ಬಂದು ನಮ್ದು ಅಂದ್ರೆ ಬಿಟ್ಬಿಡ್ಬೇಕಾ?”

ಮೇಜಿನ ಮೇಲೆ ಅವನು ಮೀನು ಸೀಳುತ್ತಿದ್ದ ಚಾಕು ಇತ್ತು. ಅವಳು ಅದನ್ನೆತ್ತಿಕೊಂಡದ್ದೇ ತಡ, ಇಸ್ನಾರ್ ಮುಖಕ್ಕೆ ಕೈ ಅಡ್ಡ ಹಿಡಿದು ಗೋಡೆಯ ಬುಡದಲ್ಲಿ ಕುಸಿದ. ನೋಯೆಮಿ ಅವನನ್ನು ದಾಟಿ, ಚೌಕಟ್ಟಿನ ಒಳಅಂಚಿಗೆ ಚಾಕು ಇಳಿಸಿ, ನಾಲ್ಕೂ ಕಡೆ ಪರಪರನೆ ಸೀಳಿದಳು. ಬಿಡಿಸಿದ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

“ಚೌಕಟ್ಟು ನಿಮ್ದೇ, ಮಸ್ಯೋ ಇಸ್ನಾರ್. ಒರ್ಸ್ಕೊಂಡು ಕೂತ್ಕೊಳ್ಳಿ.”