ಮಿಕ್ಸಿ ಹಚ್ಚಿದ ಸಂಜೆ

ಹೊಗೆ ಆಕಾಶವನ್ನು ಮುಚ್ಚಿದ ಮೇಲೆ ಹುಬ್ಬಳ್ಳಿಯಲ್ಲಿ ಯಾರಿಗೂ ಚಂದ್ರ ಕಂಡಿಲ್ಲ. ಚಂದ್ರನ ಲೆಕ್ಕದಲ್ಲಿ ಬರುವ ಉಪವಾಸದ ಹಬ್ಬ ಯೊಮ್ ಕಿಪ್ಪುರ್ ಯಾವ ದಿನವೆಂದು ತಿಳಿಯದೆ, ಊರಿನ ಒಂದೇ ಯಹೂದಿ ಮನೆಯ ಹನೋಕ್ ಮತ್ತು ಸಿಪೋರಾ ಎರಡು ದಿನ ಉಪವಾಸವಿದ್ದು ಪ್ರಾರ್ಥಿಸುತ್ತಾರೆ. ಹಬ್ಬದ ಸಂಜೆ ಆಕಾಶದ ಬಾಗಿಲು ಮುಚ್ಚುವ ಸದ್ದು ಸಣ್ಣಗೆ ಕೇಳುತ್ತದೆ. ಅಷ್ಟರೊಳಗೆ ಯಾರೂ ಹೆಸರು ಹೇಳಿ ಬೇಡದ ರೋಗಿ ಆ ವರ್ಷ ಉಳಿಯುವುದಿಲ್ಲ.

ಒಳಕೋಣೆಯಲ್ಲಿ ಮಗಳು ಲೇಯಾ ಜ್ವರದಲ್ಲಿ ನರಳುತ್ತಿದ್ದಳು. ನಿನ್ನೆ ಸದ್ದಾಗಲಿಲ್ಲ. ಇಂದೂ ಅವಳ ಹೆಸರು ಹೇಳಿ ಹೇಳಿ ಇಬ್ಬರ ಗಂಟಲೂ ಒಣಗಿತು. ಕತ್ತಲಾಯಿತು, ಸದ್ದಾಗಲಿಲ್ಲ.

"ನಾಳೆನೂ ಉಪಾಸ ಇರೂಣೇನ್ರಿ?"

"ಇರೂಣು. ಮೂರು ದಿನಾ ಅಂತ ಮಂದಿ ನಕ್ಕರ ನಗ್ಲಿ ಬಿಡು."

ಸಿಪೋರಾ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕಿ ಬಂದಳು. ಆಮೇಲೆ ಕೇಳಿದಳು, "ಅಲ್ರಿ, ಮೊನ್ನೆ ಸಂಜಿಗೆ, ಉಪಾಸ ಹಿಡಿಯೋ ಮೊದ್ಲ, ನಾ ಮಿಕ್ಸಿ ಹಚ್ಚಿದ್ನೆಲ್ರಿ. ಆವಾಗ ಸದ್ದಾಗಿದ್ರ?"

ಹನೋಕ್ ಮಗಳ ಹೆಸರನ್ನು ಮತ್ತೆ, ಇನ್ನಷ್ಟು ಜೋರಾಗಿ ಹೇಳತೊಡಗಿದ.